ಬಿದಿರು ಗಳದಿಂದ ಫ್ಲೈ ರಾಡಿಗೆ: ಐವತ್ತೈದು ದಾಟಿದ ಮೇಲೆ ಶುರು ಮಾಡುವವರಿಗೆ

ಹೊಳೆದಂಡೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನಗೆ 58. ಹುಡುಗನಾಗಿದ್ದಾಗ ಹೇಮಾವತಿಯಲ್ಲಿ ಗಾಳ ಹಾಕಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಬಿದಿರು ಗಳ, ತಂಗೂಸಿ ದಾರ, ನವಿಲುಗರಿ ದಂಟಿನ ಬೆಂಡು, ಎರೆಹುಳು, ಅಷ್ಟೇ ಸಾಮಾನು. ಈಗ ಸಮಯ ಇದೆ, ಫ್ಲೈ ಫಿಶಿಂಗ್, ಅಂದರೆ ಗರಿ ನೂಲಿನಲ್ಲಿ ಕಟ್ಟಿದ ಹುಳದ ನಕಲು (ಫ್ಲೈ) ಬೀಸಿ ಮೀನು ಹಿಡಿಯೋದು, ಕಲಿಯೋಣ ಅಂತ ಮನಸ್ಸಾಗಿದೆ. ನಮ್ಮ ಕಡೆ ನೀರಿಗೆ ಎಷ್ಟನೇ ನಂಬರಿನ ರಾಡ್ ಬೇಕು? ಗಾಳದ ಹಳೇ ಅಭ್ಯಾಸದಲ್ಲಿ ಯಾವುದು ಉಪಯೋಗಕ್ಕೆ ಬರುತ್ತೆ, ಯಾವುದನ್ನು ಬಿಡಬೇಕು? ಬಲಭುಜ ಆಗಾಗ ಹಿಡಿದುಕೊಳ್ಳುತ್ತೆ, ಅದಕ್ಕೇನು ಮಾಡೋದು? ಫ್ಲೈಗೆ ಹೆಸರಾದ ಟ್ರೌಟ್ ಮೀನು ಇಲ್ಲದ ಊರಲ್ಲಿ ಇದು ಆಗೋ ಮಾತಾ ಅಂತಲೂ ತಿಳಿಸಿ.

ಅತ್ತಿಮರ, ಕಳಸ

ಧಾರಾಳವಾಗಿ ಆಗುತ್ತೆ ಸರ್. ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ದಕ್ಷಿಣದಲ್ಲಿ ನೀಲಗಿರಿ, ಮುನ್ನಾರಿನ ಎತ್ತರದ ಹೊಳೆಗಳಲ್ಲಿ ಬ್ರಿಟಿಷರು ತಂದು ಬಿಟ್ಟದ್ದು ಉಳಿದುಕೊಂಡಿದೆ, ನಮ್ಮ ಹೊಳೆಗಳಿಗೆ ಅದು ಬೇಕೂ ಇಲ್ಲ. ಫ್ಲೈಗೆ ಬಾಯಿ ಹಾಕುವ ಮೀನು ಇಲ್ಲಿ ಬೇಕಾದಷ್ಟಿವೆ. ಹೊಳೆಯಲ್ಲಿ ಗೆಂಡೆ ಜಾತಿಯವು ಮತ್ತು ಹರಿವಿನಲ್ಲಿ ಹುಳ ಹಿಡಿಯುವ ಬೆರಳುದ್ದದ ಮೀನುಗಳು, ಕೆರೆಯಲ್ಲಿ ಜಿಲೇಬಿ (ತಿಲಾಪಿಯಾ), ಸಾಮಾನ್ಯ ಗೆಂಡೆ, ರೋಹು, ಕೊರಮೀನು.

ಹಳೇ ಅಭ್ಯಾಸದ ವಿಚಾರ. ಮೀನು ಎಲ್ಲಿ ನಿಲ್ಲುತ್ತೆ ಅನ್ನುವ ನಿಮ್ಮ ತಿಳಿವಳಿಕೆ ಹಾಗೇ ಕೆಲಸಕ್ಕೆ ಬರುತ್ತೆ. ಬಂಡೆಯ ಹಿಂದಿನ ನಿಂತ ನೀರು, ಓಟದ ನೀರು ಮಡುವಿಗೆ ಬೀಳುವ ತುಟಿ, ನೀರಿಗೆ ಬಾಗಿದ ಮರದ ನೆರಳು, ಹಳ್ಳ ಹೊಳೆಗೆ ಸೇರುವ ಬಾಯಿ, ಈ ಜಾಗಗಳನ್ನು ಪುಸ್ತಕ ಓದಿ ಕಲಿಯುವವರಿಗೆ ವರ್ಷಗಳು ಬೇಕು. ನಿಮಗೆ ಅದು ಕಣ್ಣಲ್ಲೇ ಇದೆ.

ಬಿಡಬೇಕಾದದ್ದು ಎರಡು. ಒಂದು, ಬೆಂಡು ಪೂರ್ತಿ ಮುಳುಗುವ ತನಕ ಕಾಯೋದು. ಎರೆಹುಳುವಿಗೆ ವಾಸನೆ ಇದೆ, ರುಚಿ ಇದೆ, ಮೀನು ಅದನ್ನು ಬಾಯಲ್ಲಿಟ್ಟುಕೊಂಡು ಎಳೆಯುತ್ತೆ. ಫ್ಲೈ ಬರೀ ಗರಿ, ನೂಲು. ಬಾಯಿಗೆ ಹಾಕಿದ ಕ್ಷಣಕ್ಕೆ ತಿನ್ನುವ ವಸ್ತುವಲ್ಲ ಅಂತ ಅದಕ್ಕೆ ಗೊತ್ತಾಗಿ ಉಗುಳಿಬಿಡುತ್ತೆ. ನಿಮಗೆ ಸಿಗುವ ಸಮಯ ಒಂದು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಕಮ್ಮಿ. ಲೈನಿನ ತುದಿ ತಡೆದ ಹಾಗೆ ಕಂಡರೂ ಸಾಕು, ಬಿಗಿ ಮಾಡಬೇಕು.

ಎರಡು, ಗಳವನ್ನು ಜಗ್ಗಿ ಮೇಲಕ್ಕೆತ್ತುವ ಹೊಡೆತ. 0.45 ಮಿಲಿಮೀಟರ್ ತಂಗೂಸಿ ಅದನ್ನು ತಡೆಯುತ್ತಿತ್ತು. ಫ್ಲೈ ಕಟ್ಟುವ ಟಿಪ್ಪೆಟ್, ಅಂದರೆ ಕೊನೆಯ ತೆಳು ದಾರ, 0.18, 0.20 ಇರುತ್ತೆ, ಆ ಹೊಡೆತಕ್ಕೆ ಗಂಟಿನ ಹತ್ತಿರವೇ ಕತ್ತರಿಸಿ ಹೋಗುತ್ತೆ. ತೇಲುವ ಫ್ಲೈ ಆದರೆ ರಾಡನ್ನು ಒಂದು ಅಡಿ ಮೇಲೆತ್ತಿದರೆ ಸಾಕು. ಎಳೆದು ಆಡಿಸುವ ಸ್ಟ್ರೀಮರ್ (ಮರಿಮೀನಿನ ಹಾಗೆ ಈಜುವ ಫ್ಲೈ) ಆದರೆ ರಾಡಿನ ತುದಿ ನೀರಿನ ಕಡೆಗೇ ಇರಲಿ, ಎಡಗೈಯಲ್ಲಿ ಲೈನನ್ನು ಒಂದು ಗೇಣು ಚುರುಕಾಗಿ ಎಳೆಯಿರಿ. ಆಗ ಮೀನು ತಪ್ಪಿದರೂ ಫ್ಲೈ ನೀರಲ್ಲೇ ಇರುತ್ತೆ, ಅದು ತಿರುಗಿ ಬಂದು ಹಿಡಿಯುವುದೂ ಉಂಟು.

ಗೊರೂರು ಹಿನ್ನೀರು

ರಾಡಿನ ನಂಬರ್ ಬಗ್ಗೆ ಹೇಳ್ತೀನಿ. ಆ ನಂಬರ್ ನಿಜಕ್ಕೂ ಲೈನಿನ ತೂಕದ ನಂಬರ್. ಎರೆಹುಳು ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ, ತೂಕ ಇರೋದು ದಪ್ಪ ಲೈನಿನಲ್ಲಿ. ಆ ಲೈನಿನ ಭಾರಕ್ಕೆ ರಾಡ್ ಬಾಗಿ ನೆಟ್ಟಗಾಗುವಾಗ ಫ್ಲೈ ಅದರ ಹಿಂದೆ ಹೋಗುತ್ತೆ. ಲೈನಿನ ಮೊದಲ 30 ಅಡಿ ತೂಗಿದರೆ 5ನೇ ನಂಬರ್ ಸುಮಾರು 9 ಗ್ರಾಂ, 6 ಅಂದರೆ 10.4, 8 ಅಂದರೆ 13.6 ಗ್ರಾಂ.

ನಮ್ಮ ಕೆರೆ, ಹಿನ್ನೀರಿಗೆ 9 ಅಡಿಯ 6ನೇ ನಂಬರ್ ತಗೊಳ್ಳಿ, ನಾಲ್ಕು ತುಂಡಿನದು. 5 ಹಗುರ ನಿಜ, ಆದರೆ ಮಧ್ಯಾಹ್ನ ಹಿನ್ನೀರಿನ ಮೇಲೆ ಗಾಳಿ ಏಳುತ್ತೆ, ಎರಡು ಕೆಜಿ ಗೆಂಡೆ ಸಿಕ್ಕಿದರೆ 5ನೇ ನಂಬರಿನಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತೆ, ಮೀನಿಗೂ ಸುಸ್ತು. 8 ಬೇಡ. ಭುಜ ನೋಯುವವರು ಅದನ್ನು ಅರ್ಧ ಗಂಟೆ ಬೀಸಿದರೆ ವಾರವಿಡೀ ಅನುಭವಿಸಬೇಕಾಗುತ್ತೆ. "ಮೀಡಿಯಂ" ಅಥವಾ "ಮೀಡಿಯಂ ಫಾಸ್ಟ್" ಅಂತ ಬರೆದಿರೋ ರಾಡ್ ಕಲಿಯುವವರಿಗೆ ಒಳ್ಳೆಯದು. ತೀರಾ ಗಡಸು ರಾಡು ಬಾಗಿದ್ದೇ ಕೈಗೆ ಗೊತ್ತಾಗಲ್ಲ.

ಇರೋ ದುಡ್ಡಲ್ಲಿ ಮೊದಲ ಪಾಲು ಲೈನಿಗೆ, ಆಮೇಲೆ ರಾಡಿಗೆ, ಉಳಿದದ್ದು ರೀಲಿಗೆ. ಸುಮಾರು ಜನ ಇದನ್ನು ತಲೆಕೆಳಗು ಮಾಡ್ತಾರೆ. ನಮ್ಮ ಮೀನುಗಳಿಗೆ ರೀಲ್ ಅಂದರೆ ಲೈನ್ ಸುತ್ತಿಡುವ ಡಬ್ಬ ಅಷ್ಟೇ, ಸಾಧಾರಣ ಡ್ರ್ಯಾಗ್ (ಮೀನು ಎಳೆದಾಗ ರೀಲಿಗೆ ತಡೆ ಕೊಡುವ ಬಿಗಿ) ಇದ್ದರೆ ಸಾಕು.

ಲೈನ್ ತಗೊಳ್ಳುವಾಗ ಒಂದು ಎಚ್ಚರ. ತಣ್ಣೀರಿಗೆ ಮಾಡಿದ ಲೈನು ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಅಂಟಂಟಾಗುತ್ತೆ, ರಾಡಿನ ಬಳೆಗಳಲ್ಲಿ ಜಾರುವುದೇ ಇಲ್ಲ. ಕಲಿಯುವವರು ತಮ್ಮ ಕೈ ಸರಿ ಇಲ್ಲ ಅಂದುಕೊಳ್ತಾರೆ, ತಪ್ಪು ಲೈನಿನದು. ಡಬ್ಬದ ಮೇಲೆ ವಾರ್ಮ್‌ವಾಟರ್ ಅಥವಾ ಟ್ರಾಪಿಕಲ್ ಅಂತ ಇರಬೇಕು. ಇವೆರಡರಲ್ಲಿ ಮಲೆನಾಡಿಗೆ ವಾರ್ಮ್‌ವಾಟರ್ ವಾಸಿ. ಡಿಸೆಂಬರ್ ಬೆಳಿಗ್ಗೆ ಚಳಿಗೆ ಟ್ರಾಪಿಕಲ್ ಲೈನು ಸುರುಳಿ ಸುರುಳಿಯಾಗಿ ನಿಲ್ಲುತ್ತೆ. "ವೆಯ್ಟ್ ಫಾರ್ವರ್ಡ್", ಅಂದರೆ ಭಾರ ಮುಂಭಾಗದಲ್ಲಿರುವ, ತೇಲುವ ಲೈನ್, 6ನೇ ನಂಬರ್. ಮೊದಲ ವರ್ಷ ಮುಳುಗುವ ಲೈನ್ ಬೇಡವೇ ಬೇಡ.

ಮೂಡಿಗೆರೆ ಮಳೆ

ರೀಲ್, ಲೈನ್, ಬ್ಯಾಕಿಂಗ್ ಅಂತ ಮೊದಲ ದಿನವೇ ಯಾಕೆ ಹೆದರಿಸ್ತೀರಿ? ಬಿದಿರು ಗಳ ಹಿಡಿದ ಕೈಗೆ ಜಪಾನಿನ ತೆಂಕಾರ ಹೇಳಿ ಮಾಡಿಸಿದ ಹಾಗಿದೆ. ಒಂದರೊಳಗೊಂದು ಸೇರುವ 3.6 ಮೀಟರ್ ರಾಡ್, ಮುಚ್ಚಿದರೆ ಮೊಳದಷ್ಟು, ತೂಕ 100 ಗ್ರಾಂ ಒಳಗೆ. ರೀಲ್ ಇಲ್ಲ. ತುದಿಯ ಬಟ್ಟೆದಾರಕ್ಕೆ 0.30 ಮಿಲಿಮೀಟರ್ ಫ್ಲೋರೋಕಾರ್ಬನ್ ದಾರ ರಾಡಿನಷ್ಟೇ ಉದ್ದ, ಅದಕ್ಕೆ 0.15ರ ಟಿಪ್ಪೆಟ್ ಒಂದು ಮೀಟರ್, ಕೊನೆಗೆ ಫ್ಲೈ. ಮುಂಗೈ ಮೊಣಕೈ ಆಡಿದರೆ ಸಾಕು, ಭುಜಕ್ಕೆ ಕೆಲಸವೇ ಇಲ್ಲ. ತೋಟದೊಳಗಿನ ಹಳ್ಳಗಳಲ್ಲಿ ಹಿಂದೆ ಸಿಲ್ವರ್ ಓಕ್, ಮೇಲೆ ಮೆಣಸಿನ ಬಳ್ಳಿ ಇರುವಾಗ 9 ಅಡಿ ರಾಡು ಹಿಂದಕ್ಕೆ ಬೀಸಲು ಜಾಗ ಎಲ್ಲಿದೆ?

ಎರಡು ಎಚ್ಚರಿಕೆ. ಟಿಪ್ಪೆಟ್ 0.15ಕ್ಕಿಂತ ದಪ್ಪ ಹಾಕಬಾರದು, ಕೊಕ್ಕೆ ಸಿಕ್ಕಿಕೊಂಡಾಗ ದಾರದ ಬದಲು ರಾಡಿನ ತುದಿ ಮುರಿಯುತ್ತೆ. ಸಿಕ್ಕಿಕೊಂಡರೆ ರಾಡ್ ಜಗ್ಗದೆ ದಾರವನ್ನೇ ಕೈಯಲ್ಲಿ ಹಿಡಿದು ಎಳೆಯಬೇಕು.

ಗೊರೂರು ಹಿನ್ನೀರು

ಹಳ್ಳಕ್ಕೆ ಒಪ್ಪಿದೆ ಅಕ್ಕ. ಕೆರೆಗೆ ಒಪ್ಪಲ್ಲ. ಒಂದು ಕೆಜಿ ದಾಟಿದ ಗೆಂಡೆ ಓಡಿದರೆ ಬಿಟ್ಟುಕೊಡಲು ದಾರವೇ ಇಲ್ಲ, 0.15 ಹರಿದು ಮೀನಿನ ತುಟಿಯಲ್ಲಿ ಕೊಕ್ಕೆ ಉಳಿಯುತ್ತೆ. ಅದು ಸರಿಯಲ್ಲ. ಅಲ್ಲದೆ ಜಿಲೇಬಿ ದಂಡೆಯಿಂದ 8-10 ಮೀಟರ್ ಆಚೆ ನಿಂತಿದ್ದರೆ ತೆಂಕಾರ ಮುಟ್ಟುವುದೇ ಇಲ್ಲ.

ಅತ್ತಿಮರ, ಕಳಸ

ಇಬ್ಬರದ್ದೂ ಸರಿ, ನೀರು ಬೇರೆ ಬೇರೆ ಅಷ್ಟೆ. ಹತ್ತಿರದಲ್ಲಿ ಮೊಣಕಾಲುದ್ದದ ಹಳ್ಳ ಇದ್ದರೆ ತೆಂಕಾರ, ಕೆರೆ ಇದ್ದರೆ 6ನೇ ನಂಬರ್. ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ, ಕೈಯ ಲೆಕ್ಕ ಕಲಸಿಹೋಗುತ್ತೆ.

ಹೊಳೆದಂಡೆ, ಸಕಲೇಶಪುರ

ಎಲ್ಲರಿಗೂ ಧನ್ಯವಾದ. ಕೆರೆಯೇ ಹತ್ತಿರ, ಹಾಗಾಗಿ 6ನೇ ನಂಬರ್ ಅಂತ ತೀರ್ಮಾನ ಮಾಡಿದೆ. ಸಾಮಾನು ಬಂದ ಮೇಲೆ ಯಾವುದಕ್ಕೆ ಯಾವುದನ್ನು ಕಟ್ಟಬೇಕು ಅಂತ ಹೇಳಿ. ಗಂಟುಗಳ ಹೆಸರು ಓದಿ ತಲೆ ತಿರುಗಿದೆ. ಹತ್ತಿರದ ಕಣ್ಣೂ ಮಂಜು.

ಮೂಡಿಗೆರೆ ಮಳೆ

ನಾಲ್ಕೇ ಗಂಟು ಸಾಕು ಸರ್. ರೀಲಿನ ಗಾಲಿಗೆ ಮೊದಲು ಬ್ಯಾಕಿಂಗ್, ಅಂದರೆ ನೇಯ್ದ ತೆಳು ದಾರ, 20 ಪೌಂಡಿನದು, 70-80 ಮೀಟರ್. ಅದಕ್ಕೆ ಆರ್ಬರ್ ಗಂಟು. ಅದರ ಮೇಲೆ ಸುಮಾರು 27 ಮೀಟರ್ ಫ್ಲೈ ಲೈನ್. ಎಲ್ಲ ಸುತ್ತಿದ ಮೇಲೆ ರೀಲಿನ ಅಂಚಿಗೂ ಲೈನಿಗೂ 5 ಮಿಲಿಮೀಟರ್ ಬಿಡುವು ಇರಬೇಕು. ಗಂಟಲ ತನಕ ತುಂಬಿದರೆ ಮೀನು ಎಳೆದು ಮತ್ತೆ ಸುತ್ತುವಾಗ ಒಂದು ಕಡೆ ಗುಡ್ಡೆಯಾಗಿ ರೀಲ್ ತಿರುಗುವುದೇ ನಿಲ್ಲುತ್ತೆ.

ಬ್ಯಾಕಿಂಗ್‌ಗೂ ಲೈನಿಗೂ ಆಲ್ಬ್ರೈಟ್ ಗಂಟು. ಈಗಿನ ಲೈನುಗಳಲ್ಲಿ ಎರಡು ತುದಿಗೂ ಕುಣಿಕೆ ಬೆಸೆದು ಬರುತ್ತೆ, ಆಗ ಲೀಡರಿನ (ಲೈನಿಗೂ ಟಿಪ್ಪೆಟ್‌ಗೂ ನಡುವಿನ ದಾರ) ಕುಣಿಕೆಯನ್ನು ಅದರೊಳಗೆ ತೂರಿಸಿ ಎಳೆದರೆ ಮುಗಿಯಿತು. ಎರಡು ಕುಣಿಕೆ ಕೈಕುಲುಕಿದ ಹಾಗೆ ಕೂರಬೇಕು. ಒಂದು ಮಡಚಿ ಇನ್ನೊಂದರ ಕುತ್ತಿಗೆ ಬಿಗಿದ ಹಾಗೆ ಕಂಡರೆ ತಪ್ಪಾಗಿದೆ, ಬಿಚ್ಚಿ ಮತ್ತೆ ಹಾಕಿ, ಇಲ್ಲದಿದ್ದರೆ ಲೈನಿನ ಮೇಲ್ಪದರ ಕುಯ್ಯುತ್ತೆ. ಲೀಡರಿಗೂ ಟಿಪ್ಪೆಟ್‌ಗೂ ಸರ್ಜನ್ ಗಂಟು: ಎರಡು ದಾರ ಜೊತೆ ಹಿಡಿದು ಕುಣಿಕೆ ಮಾಡಿ ಎರಡು ಸಲ ಒಳಗೆ ತೂರಿಸೋದು. ಫ್ಲೈಗೆ ಕ್ಲಿಂಚ್: ಕೊಕ್ಕೆಯ ಕಣ್ಣಲ್ಲಿ ತೂರಿಸಿ ಐದು ಸುತ್ತು, ಕಣ್ಣಿನ ಪಕ್ಕದ ಸಂದಿಯಲ್ಲಿ ತುದಿ ತೂರಿಸಿ, ಮತ್ತೆ ದೊಡ್ಡ ಕುಣಿಕೆಯಲ್ಲಿ ತೂರಿಸಿ ಎಳೆಯೋದು. ಯಾವ ಗಂಟೇ ಆಗಲಿ, ಬಿಗಿಯುವ ಮುಂಚೆ ಎಂಜಲಲ್ಲಿ ಒದ್ದೆ ಮಾಡಿ. ಒಣಗಿದ ನೈಲಾನ್ ಉಜ್ಜಿಕೊಂಡು ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತೆ.

ಲೀಡರ್ ಅಂಗಡಿಯದ್ದೇ ಬೇಕೆಂದಿಲ್ಲ. ದಪ್ಪದಿಂದ ತೆಳುವಿಗೆ ಇಳಿಯಬೇಕು, ಆಗಲೇ ಲೈನಿನ ಓಟ ಫ್ಲೈ ತನಕ ಮುಟ್ಟಿ ಅದು ನೆಟ್ಟಗೆ ಬಿಚ್ಚಿಕೊಳ್ಳೋದು. 0.45 ಮಿಲಿಮೀಟರ್ 120 ಸೆಂಟಿಮೀಟರ್, 0.40 45, 0.35 25, 0.28 25, ಕೊನೆಗೆ 0.20 60. ಒಟ್ಟು 275 ಸೆಂಟಿಮೀಟರ್, ಅಂದರೆ 9 ಅಡಿ. ಗಾಳದ ಅಂಗಡಿಯಲ್ಲಿ ಸಿಗುವ ನೈಲಾನೇ ಸಾಕು, ಆದರೆ ಗಂಟಿಗೆ ಬೇಕಾದ ಉದ್ದ ಬೇರೆ, ಪ್ರತಿ ತುಂಡಿಗೂ 8-10 ಸೆಂಟಿಮೀಟರ್ ಹೆಚ್ಚು ಕತ್ತರಿಸಿಕೊಳ್ಳಿ. ಕೊರಮೀನಿಗೆ ಮಾತ್ರ ಕೊನೆಯ ತುಂಡು 0.40 ಇರಲಿ, ಅದರ ಹಲ್ಲಿಗೆ 0.20 ನಿಲ್ಲಲ್ಲ.

ಕಣ್ಣಿಗೆ: ಓದುವ ಕನ್ನಡಕವನ್ನು ದಾರ ಕಟ್ಟಿ ಕತ್ತಿಗೆ ಹಾಕಿಕೊಳ್ಳಿ. ಹೊಲಿಗೆ ಸೂಜಿಗೆ ದಾರ ಪೋಣಿಸುವ ತಂತಿಯ ಪುಟ್ಟ ಸಾಧನ ಇದೆಯಲ್ಲ, ಅದು ಕೊಕ್ಕೆಯ ಕಣ್ಣಿಗೂ ಆಗುತ್ತೆ. ಮನೆಯಲ್ಲೇ ಆರೇಳು ಫ್ಲೈಗಳಿಗೆ 60 ಸೆಂಟಿಮೀಟರ್ ಟಿಪ್ಪೆಟ್ ಕಟ್ಟಿ, ಇನ್ನೊಂದು ತುದಿಗೆ ಕುಣಿಕೆ ಹಾಕಿ ಫೋಮ್ ತುಂಡಿಗೆ ಸುತ್ತಿಟ್ಟುಕೊಂಡರೆ ಮುಸ್ಸಂಜೆ ಹೊಳೆ ದಂಡೆಯಲ್ಲಿ ಪರದಾಟ ಇಲ್ಲ.

ಕೈಮರ ತಿರುವು, ಚಿಕ್ಕಮಗಳೂರು

ಬೀಸೋದು ಕಲಿಯಲು ನೀರಿಗೆ ಹೋಗಬೇಡಿ. ನೀರಲ್ಲಿ ಮೀನಿನ ಆಸೆ ಇರುತ್ತೆ, ಕೈ ಕಲಿಯಲ್ಲ. ಶಾಲೆ ಮೈದಾನ ಅಥವಾ ಹುಲ್ಲಿರುವ ಕಣ ಸಾಕು. ಸಿಮೆಂಟ್ ಅಂಗಳದಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಬೇಡ, ಲೈನಿನ ಮೇಲ್ಪದರ ತರಚಿಹೋಗುತ್ತೆ. ಫ್ಲೈ ಬದಲು ಕೆಂಪು ಉಲ್ಲನ್ನಿನ ಸಣ್ಣ ತುಂಡು ಕಟ್ಟಿ, ಕೊಕ್ಕೆ ಬೇಡ. ಆದರೂ ಕನ್ನಡಕ, ಟೋಪಿ ಹಾಕಿಕೊಳ್ಳುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.

ರಾಡಿನ ತುದಿಯಿಂದ ಆಚೆ 8 ಮೀಟರ್ ಲೈನ್ ನೆಲದ ಮೇಲೆ ನೆಟ್ಟಗೆ ಹಾಸಿ. ಹೆಬ್ಬೆರಳು ಹಿಡಿಯ ಮೇಲೆ. ರಾಡಿನ ತುದಿ ನೆಲಕ್ಕೆ ಹತ್ತಿರ ಇಟ್ಟು ಶುರು ಮಾಡಿ, ಮೇಲೆ ಇಟ್ಟು ಶುರು ಮಾಡಿದರೆ ಅರ್ಧ ಬೀಸು ಸಡಿಲ ಲೈನನ್ನು ಎಳೆಯುವುದಕ್ಕೇ ಮುಗಿಯುತ್ತೆ. ನಿಧಾನ ಶುರು, ವೇಗ ಏರುತ್ತಾ ಹೋಗಲಿ, ಕಿವಿಯ ಹತ್ತಿರ ಬಂದಾಗ ತಟ್ಟನೆ ನಿಲ್ಲಿಸಿ. ಗಡಿಯಾರದ ಲೆಕ್ಕದಲ್ಲಿ ಹಿಂದಕ್ಕೆ ಒಂದು ಗಂಟೆ, ಮುಂದಕ್ಕೆ ಹತ್ತು ಗಂಟೆ. ಆ ನಿಲ್ಲಿಸುವುದೇ ಇಡೀ ವಿದ್ಯೆ. ನಿಲ್ಲಿಸಿದಾಗ ರಾಡು ನೆಟ್ಟಗಾಗಿ ತನ್ನಲ್ಲಿ ತುಂಬಿಕೊಂಡ ಬಲವನ್ನು ಲೈನಿಗೆ ಕೊಡುತ್ತೆ.

ಹಿಂದೆ ನಿಲ್ಲಿಸಿದ ಮೇಲೆ ಕಾಯಬೇಕು. ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲು 8-10 ಮೀಟರಿಗೆ ಹೆಚ್ಚುಕಮ್ಮಿ ಒಂದು ಸೆಕೆಂಡು. ಮೊದಲ ವಾರ ತಲೆ ತಿರುಗಿಸಿ ನೋಡಿಕೊಂಡೇ ಬೀಸಿ, ತಪ್ಪಿಲ್ಲ. ಚಾವಟಿ ಹೊಡೆದ ಸದ್ದು ಬಂದರೆ ಬೇಗ ಮುಂದೆ ತಂದಿರಿ ಅಂತ ಅರ್ಥ, ಕೊಕ್ಕೆ ಇದ್ದಿದ್ದರೆ ಫ್ಲೈ ಹಾರಿಹೋಗುತ್ತಿತ್ತು. ಲೈನ್ ಹಿಂದೆ ಹುಲ್ಲಿಗೆ ತಾಗಿದರೆ ಜಾಸ್ತಿ ಕಾದಿರಿ, ಅಥವಾ ರಾಡು ಒಂದು ಗಂಟೆ ದಾಟಿ ಮೂರು ಗಂಟೆಗೆ ಬಿದ್ದಿದೆ. ಬಿದಿರು ಗಳ ಹಿಡಿದವರಿಗೆ ಇದೇ ದೊಡ್ಡ ತೊಡಕು. ಮಣಿಕಟ್ಟು ತಾನಾಗಿ ಹಿಂದಕ್ಕೆ ಮಡಚುತ್ತೆ. ಉಪಾಯ ಸುಲಭ: ರಾಡಿನ ಬುಡವನ್ನು ಶರ್ಟಿನ ತೋಳಿನೊಳಗೆ ತೂರಿಸಿಕೊಳ್ಳಿ, ಮಣಿಕಟ್ಟು ಮಡಚಿದ ತಕ್ಷಣ ಬಟ್ಟೆ ಎಳೆದು ನೆನಪಿಸುತ್ತೆ.

ದಿನಕ್ಕೆ 15 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಮೂರು ವಾರದಲ್ಲಿ 10 ಮೀಟರಿನಲ್ಲಿಟ್ಟ ಬಕೆಟ್ಟಿನ ಸುತ್ತಮುತ್ತ ಉಲ್ಲನ್ ಬೀಳುತ್ತೆ. ನಮ್ಮ ಕೆರೆಗಳಿಗೆ ಅಷ್ಟು ದೂರ ಸಾಕು. ಡಬಲ್ ಹಾಲ್ (ಬೀಸುವಾಗ ಎಡಗೈಯಲ್ಲೂ ಲೈನ್ ಎಳೆದು ದೂರ ಕಳಿಸೋದು) ಅದು ಇದು ಮುಂದಿನ ವರ್ಷಕ್ಕಿರಲಿ.

ಭುಜ ಮೊಣಕೈ, ಹಾಸನ

ಫಿಸಿಯೋಥೆರಪಿ ಕಡೆಯಿಂದ ಹೇಳಬೇಕಾದದ್ದು: ಈ ವಯಸ್ಸಿನಲ್ಲಿ ನೋಯುವುದು ಎರಡು ಕಡೆ. ಭುಜದ ಒಳಗಿನ ಸ್ನಾಯುತಂತುಗಳು, ಮತ್ತು ಮೊಣಕೈಯ ಹೊರಬದಿ. ಕೈಯನ್ನು ಭುಜಕ್ಕಿಂತ ಮೇಲೆತ್ತಿ ಬೀಸಿದರೆ ಮೊದಲನೆಯದು, ಹಿಡಿಯನ್ನು ಸದಾ ಬಿಗಿಯಾಗಿ ಹಿಚುಕಿದರೆ ಎರಡನೆಯದು. ಮೊಣಕೈ ಪಕ್ಕೆಯಿಂದ ಒಂದು ಗೇಣಿಗಿಂತ ದೂರ ಹೋಗದಿರಲಿ, ಹಿಡಿತ ಮೊಟ್ಟೆ ಹಿಡಿದಷ್ಟು, ನಿಲ್ಲಿಸುವ ಕ್ಷಣಕ್ಕೆ ಮಾತ್ರ ಬಿಗಿ. ಶುರು ಮಾಡುವ ಮುಂಚೆ ಭುಜ ಹತ್ತು ಸಲ ಸುತ್ತಿಸಿ. ಬೀಸುವಾಗ ನೋವು ಬಂದರೆ ಅಂದಿಗೆ ನಿಲ್ಲಿಸಿ, ರಾತ್ರಿ ಆ ಮಗ್ಗುಲಲ್ಲಿ ಮಲಗಲು ಆಗದಷ್ಟು ನೋವಿದ್ದರೆ ವೈದ್ಯರಿಗೆ ತೋರಿಸದೆ ಮುಂದುವರಿಯಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಬಿಗಿದುಕೊಂಡು ಅಲ್ಲಾಡದಂತಾಗುವುದು ಹೆಚ್ಚು, ಅವರು ಇನ್ನಷ್ಟು ನಿಧಾನ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಇನ್ನೊಂದು ಮಾತು. ಇಂಬಳ (ಜಿಗಣೆ) ಕಚ್ಚಿದ ಗಾಯ ಸುಮ್ಮನೆ ಸೋರುತ್ತಲೇ ಇರುತ್ತೆ. ಹತ್ತಿ, ಬ್ಯಾಂಡೇಜು ಜೇಬಲ್ಲಿರಲಿ, ಒತ್ತಿ ಹಿಡಿದು ಕಟ್ಟಿ. ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಅಂತ ನೋಡಿಕೊಳ್ಳಿ, ಕೊಕ್ಕೆ ಇಂದಲ್ಲ ನಾಳೆ ಕೈಗೆ ಚುಚ್ಚಿಯೇ ಚುಚ್ಚುತ್ತೆ.

ನವಿಲುಗರಿ

ಫ್ಲೈ ಬಗ್ಗೆ ಯಾರೂ ಹೇಳಿಲ್ಲ. ಶುರುವಿಗೆ ಮೂರು ಬಗೆ ಸಾಕು: ತೇಲುವ ಫೋಮ್ ಜೀರುಂಡೆ 10ನೇ ನಂಬರ್ ಕೊಕ್ಕೆಯಲ್ಲಿ, ಮುಳುಗುವ ಕಂದು ನಿಂಫ್ (ನೀರೊಳಗಿನ ಮರಿಹುಳದ ನಕಲು) 12ರಲ್ಲಿ, ಕಪ್ಪು ಅಥವಾ ಆಲಿವ್ ಬಣ್ಣದ ವುಲಿ ಬಗ್ಗರ್ ಅನ್ನುವ ಸ್ಟ್ರೀಮರ್ 8ರಲ್ಲಿ. ಕೊಕ್ಕೆ ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು, ಇದು ತಿಳಿಯದೆ ತರಿಸಿಕೊಂಡವರು ಬಹಳ.

ಫೋಮ್ ಜೀರುಂಡೆ ಮನೆಯಲ್ಲೇ ಕಟ್ಟಬಹುದು. ಮಕ್ಕಳ ಕ್ರಾಫ್ಟ್ ಕೆಲಸಕ್ಕೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ 2 ಮಿಲಿಮೀಟರ್ ಕಪ್ಪು ಫೋಮ್ ಹಾಳೆ ತಂದು 5 ಮಿಲಿಮೀಟರ್ ಅಗಲ, 25 ಉದ್ದ ಕತ್ತರಿಸಿ. ಕೊಕ್ಕೆಯನ್ನು ವೈಸಿಗೆ (ಕೊಕ್ಕೆ ಬಿಗಿಹಿಡಿಯುವ ಸಾಧನ) ಕಚ್ಚಿಸಿ ಕಣ್ಣಿನ ಹಿಂದಿನಿಂದ ಬಾಗಿನ ತನಕ ನೂಲು ಸುತ್ತಿ. ಬಾಗಿನ ಹತ್ತಿರ ಫೋಮಿನ ತುದಿ ಕಟ್ಟಿ, ಉಳಿದದ್ದು ಹಿಂದಕ್ಕೆ ಚಾಚಿರಲಿ. ಅಲ್ಲೇ ನವಿಲುಗರಿಯ ಮೂರು ಎಳೆ ಕಟ್ಟಿ ಮುಂದಕ್ಕೆ ಸುತ್ತಿಕೊಂಡು ಬನ್ನಿ, ಕಣ್ಣಿಗೆ 3 ಮಿಲಿಮೀಟರ್ ಮುಂಚೆ ನಿಲ್ಲಿಸಿ. ಫೋಮನ್ನು ಮುಂದಕ್ಕೆ ಮಡಚಿ ಅಲ್ಲಿ ಕಟ್ಟಿ, ಹೆಚ್ಚಾದದ್ದು ಕತ್ತರಿಸಿದರೆ ತಲೆ ಆಯಿತು. ಗಂಟು ಹಾಕಿ ಉಗುರುಬಣ್ಣ ಒಂದು ಹನಿ. ಎಲ್ಲರಿಂದಲೂ ಆಗುವ ತಪ್ಪು ಎರಡು. ಕಣ್ಣಿನ ತನಕ ಕಟ್ಟಿ ದಾರ ತೂರಿಸಲು ಜಾಗ ಇಲ್ಲದಂತೆ ಮಾಡೋದು. ಫೋಮನ್ನು ಕೆಳಕ್ಕೂ ಇಳಿಬಿಟ್ಟು ಕೊಕ್ಕೆಯ ಬಾಯಿ ಮುಚ್ಚೋದು, ಆಗ ಮೀನು ಹೊಡೆದರೂ ಚುಚ್ಚಲ್ಲ.

ನಮ್ಮ ಕಡೆಗೇ ವಿಶೇಷವಾದ ಎರಡು ಹೇಳ್ತೀನಿ. ಏಪ್ರಿಲ್-ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ಈಚಲು ಹುಳ (ರೆಕ್ಕೆ ಬಂದ ಗೆದ್ದಲು) ಏಳುತ್ತಲ್ಲ, ಆಗ ಕೆರೆ ತುಂಬ ಮೀನು ಮೇಲೆ ಬಂದು ಚಪ್ಪರಿಸುತ್ತೆ. ಅದಕ್ಕೆ 12ನೇ ಕೊಕ್ಕೆಯಲ್ಲಿ ಕಂದು ನೂಲಿನ ಮೈ, ನಾಟಿ ಹುಂಜದ ಕತ್ತಿನ ಗರಿಯ ತುದಿ ಎರಡು ಹಿಂದಕ್ಕೆ ಮಲಗಿಸಿ ರೆಕ್ಕೆ, ಮುಂದೆ ಅದೇ ಗರಿ ಮೂರು ಸುತ್ತು. ವ್ಯಾಸಲೀನ್ ತೆಳುವಾಗಿ ಸವರಿ. ಹೆಚ್ಚು ಸವರಿದರೆ ಗರಿ ಅಂಟಿಕೊಂಡು ಮುಳುಗುತ್ತೆ.

ಇನ್ನೊಂದು ಅತ್ತಿಹಣ್ಣು. ಹೊಳೆಗೆ ಬಾಗಿದ ಅತ್ತಿಮರದ ಕೆಳಗೆ ಗೆಂಡೆ ಜಾತಿಯ ಮೀನು ಹಣ್ಣು ಬೀಳುವುದನ್ನೇ ಕಾಯುತ್ತೆ. 6ನೇ ಗಟ್ಟಿ ಕೊಕ್ಕೆಗೆ ಕೆಂಪು ಉಲ್ಲನ್ ಉಂಡೆಯಾಗಿ ಸುತ್ತಿ ಕತ್ತರಿಸಿ ಅಡಿಕೆಗಿಂತ ಸಣ್ಣದು ಮಾಡಿ. ಇದು ಮೆತ್ತಗೆ ಬೀಳಬಾರದು, "ಪುಳುಕ್" ಅಂತ ಬೀಳಬೇಕು. ಆ ಸದ್ದಿಗೇ ಮೀನು ತಿರುಗೋದು. ಬಿದ್ದ ಮೇಲೆ ಎಳೆಯಬೇಡಿ, ಹಣ್ಣು ಈಜಲ್ಲ.

ಗರಿ ವಿಚಾರದಲ್ಲಿ ಕಾನೂನು ನೆನಪಿರಲಿ. ತಾನಾಗಿ ಉದುರಿದ ನವಿಲುಗರಿ ಬಳಸಬಹುದು. ಕಾಡುಕೋಳಿ ಹುಂಜದ ಕತ್ತಿನ ಗರಿಗೆ ಬ್ರಿಟಿಷರ ಸಾಲ್ಮನ್ ಫ್ಲೈಗಳಲ್ಲಿ ತುಂಬ ಬೆಲೆಯಿತ್ತು. ಅದು ನಮ್ಮ ಪಶ್ಚಿಮಘಟ್ಟದ ಹಕ್ಕಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಯಾರು ಕೊಟ್ಟರೂ ಮುಟ್ಟಬೇಡಿ. ನಾಟಿ ಹುಂಜದ ಗರಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ.

ನಿರ್ವಾಹಕ

ಎಲ್ಲಿ ಹಾಕಬಾರದು ಅನ್ನುವುದು ಇಲ್ಲಿ ದಾಖಲಾಗಿರಲಿ. ಭದ್ರಾ ವನ್ಯಜೀವಿಧಾಮ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಹೊಳೆ, ಹಿನ್ನೀರುಗಳಲ್ಲಿ ಗಾಳ ಹಾಕುವಂತಿಲ್ಲ, ಹಿಡಿದು ಬಿಡುತ್ತೇವೆ ಅಂದರೂ ಇಲ್ಲ. ಶೃಂಗೇರಿಯ ತುಂಗಾ ಸ್ನಾನಘಟ್ಟ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿ ಮಡು, ಇವು ದೇವರ ಮೀನುಗಳ ಜಾಗ. ಅಲ್ಲಿ ರಾಡ್ ಬಿಚ್ಚುವುದೂ ಬೇಡ.

ಉಳಿದ ಕಡೆ ಕೆರೆಗಳ ಮೀನು ಹಕ್ಕು ಸಾಮಾನ್ಯವಾಗಿ ಗುತ್ತಿಗೆ ಅಥವಾ ಹರಾಜಿನಲ್ಲಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತೆ. ಮರಿ ಬಿಟ್ಟು ಸಾಕಿದವರು ಅವರು. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ಯಾವ ಕೆರೆ ಯಾರ ಹೆಸರಿನಲ್ಲಿದೆ, ಹೊಳೆಗೆ ಪರವಾನಗಿ ಹೇಗೆ ಅಂತ ತಿಳಿಯುತ್ತೆ. ಗುತ್ತಿಗೆದಾರರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ತೋಟದ ಕೆರೆ ಆದರೆ ಮಾಲೀಕರನ್ನು ಕೇಳಿದರೆ ಮುಗಿಯಿತು.

ಗೂನುಬೆನ್ನಿನ ಮಹಶೀರ್ ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಅತ್ಯಂತ ಅಪಾಯದ ಪಟ್ಟಿಗೆ ಸೇರಿಸಲಾಗಿದೆ. ಹೇಮಾವತಿಯೂ ಕಾವೇರಿಗೇ ಸೇರುವ ನೀರು. ಯಾವುದೇ ಮಹಶೀರ್ ಆಕಸ್ಮಿಕವಾಗಿ ಸಿಕ್ಕರೂ ನೀರಿನಿಂದ ಮೇಲೆತ್ತದೆ ಅಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ. ಫೋಟೋ ಬೇಡ.

ಗೊರೂರು ಹಿನ್ನೀರು

ಮೊದಲ ನೀರು ಯಾವುದು ಅಂದರೆ, ನಿಸ್ಸಂಶಯವಾಗಿ ಜಿಲೇಬಿ ಇರುವ ತೋಟದ ಕೆರೆ. ಏರಿಯ ಮೇಲೆ ನಿಂತರೆ ಹಿಂದೆ ಬಯಲು, ಕಾಲಿಗೆ ಗಟ್ಟಿ ನೆಲ, ಹರಿವಿನ ರಗಳೆ ಇಲ್ಲ. ನಿಂಫ್ ಬಿಟ್ಟು ಹತ್ತರ ತನಕ ಎಣಿಸಿ, ಮುಳುಗಲಿ. ಆಮೇಲೆ ಎರಡು ಬೆರಳಷ್ಟು ಎಳೆ, ನಿಲ್ಲಿಸು, ಎಳೆ. ಜಿಲೇಬಿ ಜಗ್ಗಲ್ಲ, ಮೆಲ್ಲಗೆ ಬಾಯೊಳಗೆ ಹೀರುತ್ತೆ. ಲೀಡರ್ ನೀರಿಗಿಳಿಯುವ ಬಿಂದುವನ್ನೇ ನೋಡುತ್ತಿರಿ, ಅದು ಒಂದು ಬೆರಳು ಪಕ್ಕಕ್ಕೆ ಸರಿದರೂ ಬಿಗಿ ಮಾಡಿ.

ಕಾಲ: ಜೂನಿಂದ ಸೆಪ್ಟೆಂಬರ್ ಬೇಡ. ಕೆಂಪು ನೀರು, ಮೇಲಾಗಿ ಹತ್ತುಮೀನು ಮೊಟ್ಟೆಯಿಡಲು ಗದ್ದೆ-ಹಳ್ಳ ಹತ್ತುವ ಸಮಯ. ಕೊರಮೀನು ಕೆಂಪು ಮರಿಗಳ ಗುಂಪಿನ ಕೆಳಗೆ ಕಾವಲಿದ್ದರೆ ಅದಕ್ಕೆ ಫ್ಲೈ ಹಾಕಬೇಡಿ, ಕಾವಲಿನ ಮೀನು ಹೋದರೆ ಮರಿಗಳೆಲ್ಲ ಹೋಗುತ್ತವೆ. ಅಕ್ಟೋಬರ್ ಕೊನೆಗೆ ನೀರು ತಿಳಿಯಾಗುತ್ತೆ, ಅಲ್ಲಿಂದ ಶುರು. ಡಿಸೆಂಬರ್-ಜನವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಹಳ್ಳಕ್ಕೆ ಬಿಟ್ಟಿರುವ ಕಡೆ ಹುಳಿ ವಾಸನೆ ಬರುತ್ತೆ. ಆ ನೀರು ಆಮ್ಲಜನಕ ತಿಂದುಹಾಕುತ್ತೆ, ಅಲ್ಲಿ ಮೀನು ಇರಲ್ಲ, ಹೊತ್ತು ಕಳೆಯಬೇಡಿ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಲ್ಲಿಸಿ. ಬಿಸಿ ನೀರಿನಲ್ಲಿ ಸೆಣಸಿದ ಮೀನು ಬಿಟ್ಟರೂ ಬದುಕುವುದು ಕಷ್ಟ.

ಅಪಾಯದ ಮಾತು ನಾಲ್ಕು. ಗ್ರಾಫೈಟ್ ರಾಡಿನಲ್ಲಿ ಕರೆಂಟ್ ಹರಿಯುತ್ತೆ. ಪಂಪ್‌ಸೆಟ್ ತಂತಿ ಜೋತುಬಿದ್ದ ದಂಡೆಯಲ್ಲಿ ರಾಡನ್ನು ಮಲಗಿಸಿಕೊಂಡೇ ದಾಟಿ, ಗುಡುಗು ಕೇಳಿದ ಕೂಡಲೇ ರಾಡು ಕೆಳಗಿಡಿ. ಗೊರೂರು ಅಣೆಕಟ್ಟಿನ ಕೆಳಗೆ ನೀರು ಬಿಟ್ಟರೆ ಹೊಳೆ ಇದ್ದಕ್ಕಿದ್ದಂತೆ ಏರುತ್ತೆ, ನಡುವಿನ ಬಂಡೆಯ ಮೇಲೆ ನಿಲ್ಲಬೇಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದ ಜಾಗದಲ್ಲಿ ಮೇಲೆ ಬಿರುಕು ಬಿಟ್ಟ ನೆಲ, ಕೆಳಗೆ ಕೆಸರು. ಕೋಲು ಊರಿ ನೋಡಿಯೇ ಹೆಜ್ಜೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಇದೆ. ಮುಂಜಾನೆ, ಮುಸ್ಸಂಜೆ ಒಬ್ಬರೇ ಹೋಗಬೇಡಿ, ಊರವರನ್ನು ವಿಚಾರಿಸಿ ಹೋಗಿ.

ಹೊಳೆದಂಡೆ, ಸಕಲೇಶಪುರ

ಹುಲ್ಲಿನ ಮೇಲೆ ಎರಡು ವಾರ ಆಯಿತು. 8 ಮೀಟರ್ ಸಲೀಸು. 11ಕ್ಕೆ ಹೋದರೆ ಟಿಪ್ಪೆಟ್‌ನಲ್ಲಿ ತಾನೇ ತಾನಾಗಿ ಗಂಟು ಬೀಳುತ್ತಿದೆ, ನಾಲ್ಕೈದು ಬೀಸಿಗೆ ಒಂದು. ಗಾಳಿಯೂ ಇಲ್ಲ. ಏನು ಕಾರಣ? ಇನ್ನೊಂದು, ನನ್ನ ಕೆರೆಯ ಒಂದು ಬದಿ ಏರಿ, ಉಳಿದ ಮೂರು ಬದಿ ಗಿಡ. ಅಲ್ಲಿ ಹೇಗೆ?

ಕೈಮರ ತಿರುವು, ಚಿಕ್ಕಮಗಳೂರು

ಆ ಗಂಟಿಗೂ ಗಾಳಿಗೂ ಸಂಬಂಧ ಇಲ್ಲ. ದೂರ ಹೋಗಬೇಕು ಅಂತ ಮುಂದಿನ ಬೀಸಿನ ಶುರುವಿನಲ್ಲೇ ಜೋರು ಹಾಕಿದ್ದೀರಿ. ರಾಡಿನ ತುದಿ ನೇರ ಗೆರೆಯಲ್ಲಿ ಹೋಗುವ ಬದಲು ಕೆಳಕ್ಕೆ ಕುಸಿದು ಮತ್ತೆ ಏಳುತ್ತೆ, ಲೈನಿನ ಮೇಲಿನ ಎಳೆ ಕೆಳಗಿನ ಎಳೆಯನ್ನು ದಾಟಿ ಸುತ್ತಿಕೊಳ್ಳುತ್ತೆ. ಲೈನ್ ಉದ್ದವಾದಷ್ಟೂ ಬೀಸಿನ ಹರವು ಸ್ವಲ್ಪ ಹೆಚ್ಚಾಗಬೇಕು, ಹಿಂದೆ ಕಾಯುವುದೂ ಹೆಚ್ಚಾಗಬೇಕು, ಬಲ ಕೊನೆಗೆ ಬರಬೇಕು. ಅರ್ಧ ಬಲದಲ್ಲಿ 11 ಮೀಟರ್ ಬೀಸಿ ನೋಡಿ, ಗಂಟು ನಿಲ್ಲುತ್ತೆ. ಬಿದ್ದ ಗಂಟನ್ನು ಮಾತ್ರ ಹಾಗೇ ಬಿಡಬೇಡಿ. ಅಲ್ಲಿ ದಾರದ ಬಲ ಅರ್ಧಕ್ಕೆ ಇಳಿದಿರುತ್ತೆ, ಕತ್ತರಿಸಿ ಹೊಸದು ಕಟ್ಟಿ.

ಗಿಡದ ಕಡೆಗೆ ರೋಲ್ ಕಾಸ್ಟ್. ಇದಕ್ಕೆ ಹಿಂದೆ ಜಾಗವೇ ಬೇಡ. ನೀರಿನ ಮೇಲಿರುವ ಲೈನನ್ನು ನಿಧಾನ ಎಳೆದುಕೊಂಡು ರಾಡನ್ನು ಕಿವಿಯ ಪಕ್ಕ ಒಂದು ಗಂಟೆಗೆ ತಂದು ನಿಲ್ಲಿಸಿ. ಲೈನ್ ರಾಡಿನ ತುದಿಯಿಂದ ನಿಮ್ಮ ಭುಜದ ಹಿಂದೆ ಬಾಗಿ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಜೋತುಬೀಳುತ್ತೆ. ಪೂರ್ತಿ ನಿಲ್ಲುವ ತನಕ ತಡೆಯಿರಿ, ಆಮೇಲೆ ಮುಂದಕ್ಕೆ ಬೀಸಿ ಹತ್ತು ಗಂಟೆಯಲ್ಲಿ ತಟ್ಟನೆ ನಿಲ್ಲಿಸಿ. ಲೈನ್ ನೀರಿನ ಮೇಲೆ ಚಕ್ರದ ಹಾಗೆ ಉರುಳಿಕೊಂಡು ಬಿಚ್ಚಿಕೊಳ್ಳುತ್ತೆ. ನೀರು ಲೈನಿನ ತುದಿಯನ್ನು ಹಿಡಿದಿದ್ದರೇ ಇದು ಆಗೋದು, ಹುಲ್ಲಿನ ಮೇಲೆ ಸರಿಯಾಗಿ ಬರಲ್ಲ. ಹುಲ್ಲಿನಲ್ಲಿ ಕಲಿಯಬೇಕಾದರೆ ಲೀಡರಿನ ತುದಿಯನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ, ಆ ಕ್ಲಿಪ್ಪನ್ನು ಒಂದು ಇಟ್ಟಿಗೆಯ ಕೆಳಗಿಡಿ. ಬಲಗಡೆಯಿಂದ ಗಾಳಿ ಬಂದರೆ ರಾಡನ್ನು ಎಡಭುಜದ ಮೇಲಿಂದ ಹಾಯಿಸಿ, ಇಲ್ಲದಿದ್ದರೆ ಫ್ಲೈ ಕಿವಿಗೇ ಬರುತ್ತೆ.

ಮೂಡಿಗೆರೆ ಮಳೆ

ನೀರಿಗೆ ಹೋಗುವ ಮುಂಚೆ ಪ್ರತಿ ಕೊಕ್ಕೆಯ ಹಿಂಮುಳ್ಳನ್ನು ಸಣ್ಣ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ ಸರ್. ಹತ್ತಿಯ ಮೇಲೆ ಎಳೆದು ನೋಡಿ, ಎಳೆ ಸಿಕ್ಕಿಕೊಳ್ಳದೆ ಜಾರಿದರೆ ಸರಿಯಾಗಿದೆ. ಮೀನು ಬಿಡಿಸುವುದೂ ಸುಲಭ, ಕೈಗೆ ಚುಚ್ಚಿದರೆ ತೆಗೆಯುವುದೂ ಸುಲಭ. ಮೀನು ಮುಟ್ಟುವ ಮುಂಚೆ ಕೈ ನೀರಲ್ಲಿ ಅದ್ದಿ, ಒಣಕೈಗೆ ಅದರ ಮೈಮೇಲಿನ ಲೋಳೆ ಅಂಟಿ ಬರುತ್ತೆ. ಕೊಕ್ಕೆ ತೀರಾ ಒಳಗೆ ಹೋಗಿದ್ದರೆ ಕೀಳಲು ಹೋಗದೆ ದಾರ ಕತ್ತರಿಸಿ ಬಿಡಿ.

ಹೊಳೆದಂಡೆ, ಸಕಲೇಶಪುರ

ಅರ್ಧ ಬಲದಲ್ಲಿ ಬೀಸಿದೆ, ಇಪ್ಪತ್ತು ಬೀಸಿಗೆ ಒಂದೂ ಗಂಟು ಬಿದ್ದಿಲ್ಲ. ತೋಟದ ಕೆರೆಯವರ ಒಪ್ಪಿಗೆ ಸಿಕ್ಕಿದೆ, ಭಾನುವಾರ ಬೆಳಿಗ್ಗೆ. ಮನೆಗೆ ಬಂದ ಮೇಲೆ ಲೈನ್ ತೊಳೆಯಬೇಕಾ?

ಗೊರೂರು ಹಿನ್ನೀರು

ತೊಳೆಯಬೇಕು. ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಲೈನನ್ನು ಮೆತ್ತನೆ ಬಟ್ಟೆಯ ನಡುವೆ ಎಳೆದು, ಬರೀ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಕೆರೆಯ ಪಾಚಿ ಹಿಡಿದ ಲೈನ್ ತೇಲಲ್ಲ. ಸೊಳ್ಳೆಗೆ ಹಚ್ಚುವ ಮುಲಾಮು ಕೈಯಲ್ಲಿದ್ದರೆ ಲೈನ್ ಮುಟ್ಟಬೇಡಿ, ಅದು ಮೇಲ್ಪದರವನ್ನು ಕರಗಿಸುತ್ತೆ. ಮುಂಗೈ ಹಿಂಬದಿಯಲ್ಲಿ ಹಚ್ಚಿಕೊಳ್ಳಿ, ಅಂಗೈಗೆ ಬೇಡ. ರಾಡನ್ನು ಒದ್ದೆ ಚೀಲದಲ್ಲಿ ಇಡಬೇಡಿ, ಮಲೆನಾಡಿನ ಥಂಡಿಗೆ ಹಿಡಿಯ ಕಾರ್ಕ್ ಬೂಷ್ಟು ಹಿಡಿಯುತ್ತೆ.